ಆಕ್ಟಿಂಗ್, ಡಿಸೈನ್, ಸ್ಟೇಜ್‌ಕ್ರಾಫ್ಟ್ ಮೂರೂ ಇರೋ ಥಿಯೇಟರ್ ಡಿಗ್ರಿ: ಓದಿ ಮುಗಿಸಿದ ಮೇಲೆ ಒಂದು ರಿವ್ಯೂ

ಕಾಲೇಜಲ್ಲಿ ಥಿಯೇಟರ್ ಓದ್ಬೇಕು ಅಂತಿರೋರಲ್ಲಿ ತುಂಬ ಜನ ಕೇಳೋದು ಒಂದೇ ಪ್ರಶ್ನೆ, ಬರೀ ಆಕ್ಟಿಂಗ್ ಹೇಳಿಕೊಡೋ ಕಡೆ ಸೇರ್ಕೊಳ್ಳೋದಾ ಇಲ್ಲ ಆಕ್ಟಿಂಗ್ ಜೊತೆ ಸೆಟ್ಟು, ಲೈಟು, ಸೌಂಡು, ಕಾಸ್ಟ್ಯೂಮು ಎಲ್ಲಾನೂ ಕಲಿಸೋ ಕೋರ್ಸಿಗಾ ಅಂತ. ನಾನು ಓದಿದ್ದು ಎರಡನೇ ಥರದ್ದು. ಮೊದ್ಲೇ ಹೇಳಿಬಿಡ್ತೀನಿ, ನಟನೆ ಒಂದೇ ಸಾಕು ನಂಗೆ ಅನ್ನೋರಿಗೂ ನಾನು ಹೇಳೋದು ಎರಡನೇದನ್ನೇ, ಯಾಕಂದ್ರೆ ನಟನೆ ಬಗ್ಗೆ ನಂಗೆ ಜಾಸ್ತಿ ಗೊತ್ತಾಗಿದ್ದು ಏಣಿ ಹತ್ತಿ ಲೈಟ್ ಕಟ್ಟುವಾಗ, ಆಮೇಲೆ ಪ್ರಾಂಪ್ಟ್ ಬುಕ್ (ಶೋ ನಡೆಸೋಕೆ ಬೇಕಾದ್ದೆಲ್ಲ ಬರೆದಿಟ್ಟ ಸ್ಕ್ರಿಪ್ಟ್) ಮುಂದೆ ಇಟ್ಕೊಂಡು ಕ್ಯೂ, ಅಂದ್ರೆ ಲೈಟು ಸೌಂಡು ಬದಲಿಸೋ ಸೂಚನೆ, ಕೊಡುವಾಗ. ಆದ್ರೆ ಒಂದು ಷರತ್ತು ಇದೆ, ಮೊದಲ ವರ್ಷ ಎಲ್ಲರೂ ಎಲ್ಲ ಕೆಲಸಾನೂ ಮಾಡ್ಲೇಬೇಕು ಅನ್ನೋ ನಿಯಮ ಆ ಕೋರ್ಸಲ್ಲಿ ಇರ್ಬೇಕು. ಅದಿಲ್ಲಾಂದ್ರೆ ಬಾಯಿ ಇರೋರೆಲ್ಲ ಸ್ಟೇಜ್ ಮೇಲೆ, ಸುಮ್ನಿರೋರೆಲ್ಲ ಸುತ್ತಿಗೆ ಹಿಡ್ಕೊಂಡು ಹಿಂದೆ ಅಂತ ಶುರುವಲ್ಲೇ ಪಾಲಾಗಿಬಿಡತ್ತೆ, ಆಮೇಲೆ ಕೊನೇ ವರ್ಷದವರೆಗೂ ಆ ಪಾಲು ಬದಲಾಗಲ್ಲ.

ಲೈಟಿಂಗಿಂದ ಶುರು ಮಾಡ್ತೀನಿ, ಕೋರ್ಸಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಅದೇ. ಮೊದಲು ಕೈಗೆ ಕೊಡೋದು ಮೂರು ಥರದ ದೀಪ. ಪ್ರೊಫೈಲ್ ಅಂದ್ರೆ ಅಂಚು ಚೂಪಾಗಿ ಬೀಳೋದು, ಅದರಲ್ಲಿ ಶಟರ್ ಎಳೆದು ಬೆಳಕನ್ನ ಬೇಕಾದ ಆಕಾರಕ್ಕೆ ಕತ್ತರಿಸಬಹುದು, ಗೋಬೋ ಅನ್ನೋ ಲೋಹದ ಬಿಲ್ಲೆ ಹಾಕಿದ್ರೆ ಎಲೆ ನೆರಳೋ ಕಿಟಕಿ ಸರಳೋ ನೆಲದ ಮೇಲೆ ಬೀಳತ್ತೆ. ಫ್ರೆನೆಲ್ ಮೆತ್ತಗಿನ ಬೆಳಕು, ಅಂಚು ಕರಗಿ ಹೋಗತ್ತೆ, ಮುಂದಿನ ಗಾಜಲ್ಲಿ ಸುತ್ತು ಸುತ್ತಾಗಿ ಮೆಟ್ಟಿಲು ಥರ ಗೆರೆ ಇರತ್ತೆ. ಆ ಲೆನ್ಸ್ ಮೂಲತಃ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗೆ ಅಂತ ಮಾಡಿದ್ದು, ದಪ್ಪ ಗಾಜಿನ ಭಾರ ಇಲ್ದೇ ಅದೇ ಕೆಲಸ ಮಾಡತ್ತೆ ಅಂತ ಆಮೇಲೆ ಸ್ಟೇಜಿಗೂ ಬಂತು. ಮೂರನೇದು ಪಾರ್ ಕ್ಯಾನ್, ಬಣ್ಣ ಚೆಲ್ಲೋಕೆ.

ಇವನ್ನೆಲ್ಲ ಹೇಗೆ ಜೋಡಿಸೋದು ಅನ್ನೋದಕ್ಕೆ ಮೊದಲು ಹೇಳಿಕೊಡೋದು ಅಮೆರಿಕದ ಲೈಟಿಂಗ್ ಮೇಷ್ಟ್ರು ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲಿ ಬರೆದಿಟ್ಟ ವಿಧಾನ. ಸ್ಟೇಜನ್ನ ಸಣ್ಣ ಸಣ್ಣ ಏರಿಯಾ ಮಾಡ್ಕೊಂಡು, ಒಂದೊಂದಕ್ಕೂ ಮುಂದಿನಿಂದ ಎಡಕ್ಕೊಂದು ಬಲಕ್ಕೊಂದು ಸುಮಾರು 45 ಡಿಗ್ರಿ ಕೋನದಲ್ಲಿ ಮೇಲಿಂದ ದೀಪ, ಒಂದರ ಮುಂದೆ ಬೆಚ್ಚಗಿನ ಬಣ್ಣದ ಜೆಲ್ (ಬೆಳಕು ಹಾಯೋ ಬಣ್ಣದ ಹಾಳೆ), ಇನ್ನೊಂದಕ್ಕೆ ತಣ್ಣಗಿನದು. ಇದರಿಂದ ಮುಖಕ್ಕೆ ಉಬ್ಬು ತಗ್ಗು ಬರತ್ತೆ, ಕಣ್ಣು ಮೂಗು ಎಲ್ಲ ಎದ್ದು ಕಾಣತ್ತೆ. ನೇರ ಎದುರಿಂದ ಒಂದೇ ಲೈಟ್ ಹೊಡೆದ್ರೆ ಅದೇ ಮುಖ ಚಪ್ಪಟೆ. ಈ ವಿಧಾನಾನ ಹಾಗೇ ಪಾಲಿಸೋ ಡಿಸೈನರ್ಸ್ ಈಗ ಕಮ್ಮಿ, ಆದ್ರೂ ಇದನ್ನ ಕೈಯಾರೆ ಮಾಡಿ ನೋಡಿದ ಮೇಲೇನೇ ಬೇರೆ ಕೋನಗಳು ಯಾಕೆ ಬೇಕು ಅಂತ ತಲೆಗೆ ಹೋಗೋದು.

ಫೋಕಸ್ ಸೆಷನ್ ಅಂತ ಒಂದು ಇರತ್ತೆ, ಅದನ್ನ ಬರೀಲೇಬೇಕು. ದೀಪ ಎಲ್ಲ ಸ್ಟೇಜ್ ಮೇಲಿನ ಪೈಪಿಗೆ ನೇತುಹಾಕಿ, ಸೇಫ್ಟಿ ಚೈನ್ ಹಾಕಿ ಆದ್ಮೇಲೆ ಒಬ್ಬರು ಮೇಲೆ ಏಣಿ ಮೇಲಿರ್ತಾರೆ, ಇನ್ನೊಬ್ಬರು ಕೆಳಗೆ ಸ್ಟೇಜ್ ಮೇಲೆ ನಟ ನಿಲ್ಲೋ ಜಾಗದಲ್ಲಿ ನಿಲ್ಬೇಕು, ಅಷ್ಟೇ ಕೆಲಸ, ನಿಲ್ಲೋದು. ಕಣ್ಣು ಮುಚ್ಚಿ ದೀಪದ ಕಡೆ ಮುಖ ಎತ್ತಿದ್ರೆ ಹಳೇ ಹ್ಯಾಲೊಜೆನ್ ದೀಪ ಆದ್ರೆ ಬಿಸಿ ಎಲ್ಲಿ ಜಾಸ್ತಿ ಅಂತ ಕೆನ್ನೆಗೇ ಗೊತ್ತಾಗತ್ತೆ, ಅದೇ ಹಾಟ್ ಸ್ಪಾಟ್, ಅಲ್ಲಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ್ರೆ ತಣ್ಣಗಾಗತ್ತೆ. ಮೇಲಿರೋರು "ನಿನ್ ಗಲ್ಲದ ನೆರಳು ಎದೆ ಮೇಲೆ ಬೀಳ್ತಿದೆ, ಸ್ವಲ್ಪ ಹಿಂದೆ ಹೋಗು" ಅಂತಾರೆ, ನಾವು ಸರೀತೀವಿ, ಅವರು ಬೋಲ್ಟ್ ಟೈಟ್ ಮಾಡ್ತಾರೆ, ಮುಂದಿನ ದೀಪ. ಗಂಟೆಗಟ್ಲೆ ಹೀಗೇ. ಇದಾದ ಮೇಲೆ ಮುಂದಿನ ನಾಟಕದಲ್ಲಿ ನಮ್ಮ ಬ್ಯಾಚಲ್ಲಿ ಒಬ್ಬರಾದ್ರೂ ಬೆಳಕು ಬಿಟ್ಟು ಕತ್ತಲಲ್ಲಿ ನಿಂತು ಡೈಲಾಗ್ ಹೇಳಿದ್ದು ನಾನು ನೋಡ್ಲಿಲ್ಲ. "ಬೆಳಕಲ್ಲಿ ನಿಲ್ಲು" ಅಂತ ಆಕ್ಟಿಂಗ್ ಕ್ಲಾಸಲ್ಲಿ ಎಷ್ಟು ಸಲ ಕೂಗಿದ್ರೂ ಆಗದ ಕೆಲಸ ಇದು. ಎಲ್‌ಇಡಿ ದೀಪ ಬಂದ ಮೇಲೆ ಆ ಬಿಸಿ ತುಂಬ ಕಮ್ಮಿಯಾಗಿದೆ, ಕರೆಂಟಿಗೆ ಒಳ್ಳೇದು, ಬಣ್ಣ ಬದಲಿಸೋಕೆ ಜೆಲ್ ಕತ್ತರಿಸೋದೂ ತಪ್ಪತ್ತೆ, ಆದ್ರೆ ಕಲಿಯೋರಿಗೆ ಒಂದಷ್ಟು ಹಳೇ ದೀಪ ಇಟ್ಟಿರೋ ಕಾಲೇಜು ಒಳ್ಳೇ ಕಾಲೇಜು ಅಂತ ನನ್ನ ಅಭಿಪ್ರಾಯ.

ದೀಪಗಳನ್ನ ನಡೆಸೋ ಬೋರ್ಡ್ ಆಪರೇಟ್ ಮಾಡೋದು ಅಷ್ಟೇನೂ ಕಷ್ಟ ಇಲ್ಲ, ಡಿಎಂಎಕ್ಸ್ ಅಂದ್ರೆ ಏನು ಅಂತ ಅರ್ಥ ಆದ್ರೆ ಆಯ್ತು. ಬೋರ್ಡಿಂದ ದೀಪಗಳಿಗೆ ಸೂಚನೆ ಕಳಿಸೋಕೆ 1986ರಲ್ಲಿ ಬಂದ ಸ್ಟ್ಯಾಂಡರ್ಡ್ ಅದು, ಒಂದು ಲೈನಲ್ಲಿ 512 ಚಾನೆಲ್, ಪ್ರತಿ ಚಾನೆಲ್ಲಿಗೂ 0 ಇಂದ 255ರ ತನಕ ಲೆವೆಲ್. ತಾನೇ ತಿರುಗೋ ಒಂದು ಮೂವಿಂಗ್ ಲೈಟೇ ಹತ್ತಿಪ್ಪತ್ತು ಚಾನೆಲ್ ತಿಂದುಬಿಡತ್ತೆ, ಆಗ 512 ಎಷ್ಟು ಬೇಗ ಖಾಲಿಯಾಗತ್ತೆ ಅಂತ ಗೊತ್ತಾಗತ್ತೆ.

ಈ ಕೋರ್ಸಲ್ಲಿ ಹಿಸ್ಟರಿ ಪೇಪರ್ ಬೇರೆ, ಪ್ರಾಕ್ಟಿಕಲ್ ಬೇರೆ ಅಂತ ಇಟ್ಟಿರಲಿಲ್ಲ, ಇದಕ್ಕೆ ನನ್ನ ಫುಲ್ ಮಾರ್ಕ್ಸ್. ಉದಾಹರಣೆಗೆ ಲಂಡನ್ನಿನ ಸವಾಯ್ ಥಿಯೇಟರ್ 1881ರಲ್ಲಿ ಪೂರ್ತಿ ವಿದ್ಯುತ್ ದೀಪದಲ್ಲಿ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ ಅಂತ ನೋಟ್ಸ್ ಬರೆಸಿ ಬಿಟ್ಟಿದ್ರೆ ಪರೀಕ್ಷೆ ಮುಗಿದ ದಿನವೇ ಮರೆತುಹೋಗ್ತಿತ್ತು. ನಮ್ಮ ಮೇಡಂ ಏನು ಮಾಡಿದ್ರು ಅಂದ್ರೆ ಒಂದು ಬಣ್ಣ ಬಳಿದ ಪರದೆ ಮುಂದೆ ಒಬ್ಬರನ್ನ ನಿಲ್ಲಿಸಿ ಗ್ಯಾಸ್ ದೀಪದ ಕಾಲದ ಥರ ನೆಲದಿಂದ ಮಂದ ಬೆಳಕು ಕೊಟ್ರು, ಪರದೆ ನಿಜವಾದ ಬೀದಿ ಅಂತಲೇ ಅನ್ಸ್ತು. ಆಮೇಲೆ ಪಕ್ಕದಿಂದ ಜೋರು ದೀಪ ಹಾಕಿದ್ರು, ಪರದೆ ಮೇಲಿನ ಸುಕ್ಕು, ಬ್ರಶ್ ಗೆರೆ ಎಲ್ಲ ಕಾಣಿಸ್ತು, ಬೀದಿ ಹೋಗಿ ಬಟ್ಟೆ ಉಳೀತು. ಅಡಾಲ್ಫ್ ಆಪಿಯಾ ಅಂತ ಸ್ವಿಟ್ಜರ್‌ಲೆಂಡಿನ ಡಿಸೈನರ್ ಬಣ್ಣದ ಪರದೆ ಬಿಟ್ಟು ಮೆಟ್ಟಿಲು, ಕಟ್ಟೆ, ಇಳಿಜಾರು ಇಂಥವನ್ನ ಯಾಕೆ ಕೇಳ್ದ, ನಟನ ದೇಹ ಮೂರು ಆಯಾಮದ್ದು ಅದರ ಸುತ್ತ ಇರೋದು ಚಪ್ಪಟೆ ಚಿತ್ರ ಆದ್ರೆ ಬೆಳಕಿಗೆ ಎರಡನ್ನೂ ಒಂದು ಮಾಡೋಕೆ ಆಗಲ್ಲ ಅಂತ ಯಾಕೆ ಹೇಳ್ದ ಅನ್ನೋದು ಆ ಕ್ಷಣದಲ್ಲೇ ಅರ್ಥ ಆಯ್ತು. ಅದೇ ವಾರ ನಮಗೆ ಕೊಟ್ಟ ಅಸೈನ್‌ಮೆಂಟು ಮೂರು ಮರದ ಪೆಟ್ಟಿಗೆ, ಜಾಗ ಕದಲಿಸೋ ಹಾಗಿಲ್ಲ, ಬರೀ ಬೆಳಕು ಬದಲಿಸಿ ಅದನ್ನ ಜೈಲು ಮಾಡಿ, ನದಿ ದಂಡೆ ಮಾಡಿ ಅಂತ.

ಸೆಟ್ ಡಿಸೈನ್ ಬಗ್ಗೆ ಹೇಳ್ಬೇಕಂದ್ರೆ, ಇಲ್ಲಿ ಚಂದ ಚಿತ್ರ ಬರೆಯೋಕೆ ಬರ್ಬೇಕು ಅಂತೇನಿಲ್ಲ, ಅಳತೆ ಬರ್ಬೇಕು. 1:25 ಸ್ಕೇಲಲ್ಲಿ ಮಾಡೆಲ್ ಬಾಕ್ಸ್, ಅಂದ್ರೆ ಸ್ಟೇಜಿನ ಪುಟ್ಟ ಮಾದರಿ, ಮಾಡಿಸ್ತಾರೆ, ಅಂದ್ರೆ ನಿಜದ ಒಂದು ಮೀಟರ್ ಅಲ್ಲಿ 4 ಸೆಂಟಿಮೀಟರ್. ಮೊದಲು ಬರೀ ಬಿಳಿ ಕಾರ್ಡಲ್ಲಿ, ಬಣ್ಣ ಇಲ್ದೇ. ಅದೇ ಅಳತೆಗೆ ಒಂದು ಸಣ್ಣ ಮನುಷ್ಯನ ಆಕೃತಿ ಕತ್ತರಿಸಿ ಒಳಗೆ ನಿಲ್ಲಿಸ್ತಾರೆ, ಎಷ್ಟೋ ಜನರ ಭವ್ಯ ಅರಮನೆಗಳಲ್ಲಿ ಆ ಆಕೃತಿ ಕಳೆದೇ ಹೋಗತ್ತೆ, ಆಗ ಕತ್ತರಿ ಹಿಡ್ಕೊಂಡು ಮತ್ತೆ ಶುರು. ಆಮೇಲೆ ಸೈಟ್‌ಲೈನ್, ಮೊದಲ ಸಾಲಿನ ಕೊನೇ ಸೀಟಲ್ಲಿ ಕೂತೋರಿಗೆ ಏನು ಕಾಣತ್ತೆ, ವಿಂಗ್ (ಸ್ಟೇಜ್ ಪಕ್ಕದ ಮರೆ) ಒಳಗೆ ಕಾಯ್ತಾ ನಿಂತಿರೋ ನಟರು ಕಾಣಿಸ್ತಾರಾ ಅಂತ ಪ್ಲಾನ್ ಮೇಲೆ ಗೆರೆ ಎಳೆದು ನೋಡೋದು. ಬಾಗಿಲು ಯಾವ ಕಡೆ ತೆರೀಬೇಕು ಅನ್ನೋದೇ ಒಂದು ಕ್ಲಾಸ್ ಪೂರ್ತಿ ನಡೀತು. ಸ್ಟೇಜ್ ಒಳಕ್ಕೆ ತೆರೆದ್ರೆ ಜಾಗಾನೂ ತಿನ್ನತ್ತೆ, ಬರ್ತಿರೋ ಪಾತ್ರದ ಮುಖಕ್ಕೂ ಹಲಗೆ ಅಡ್ಡ ಬರೋ ಅಪಾಯ ಇರತ್ತೆ, ಹೊರಕ್ಕೆ ತೆರೆದ್ರೆ ಎಂಟ್ರಿ ಕ್ಲೀನಾಗಿ ಸಿಗತ್ತೆ. ಇಷ್ಟು ಸಣ್ಣ ವಿಷಯ ಒಂದು ಸೀನಿನ ಉಸಿರನ್ನೇ ಬದಲಿಸತ್ತೆ.

ವರ್ಕ್‌ಶಾಪಲ್ಲಿ ಫ್ಲ್ಯಾಟ್, ಅಂದ್ರೆ ಸೆಟ್ಟಿನ ಗೋಡೆಗೆ ಬಳಸೋ ಚೌಕಟ್ಟು, ಕಟ್ಟೋದು, ಬಟ್ಟೆ ಬಿಗಿಯೋದು, ಹಿಂದಿನಿಂದ ಬ್ರೇಸ್ ಕೊಟ್ಟು ಭಾರ ಇಡೋದು ಎಲ್ಲ ಮಾಡಿಸ್ತಾರೆ. ಅಲ್ಲಿದ್ದ ಬಡಗಿ ಅಣ್ಣ ಸಿಲಬಸ್ಸಲ್ಲಿ ಎಲ್ಲೂ ಇಲ್ಲ, ಆದ್ರೆ ನಮ್ಮ ಬ್ಯಾಚಿನ ಅರ್ಧ ಡಿಸೈನ್ ಕಲಿತಿದ್ದು ಅವರ ಹತ್ರ. "ಇದನ್ನ ಯಾರು ಎತ್ಕೊಂಡು ಹೋಗ್ತಾರಮ್ಮ, ಎಷ್ಟು ಹೊತ್ತಿದೆ ನಿಂಗೆ" ಅಂತ ಕೇಳೋರು, ಅಷ್ಟೇ, ಸೀನ್ ಚೇಂಜಿನ ಇಡೀ ಲೆಕ್ಕ ಆ ಪ್ರಶ್ನೇಲೇ ಇತ್ತು.

ಸೇಫ್ಟಿ ವಿಷಯಕ್ಕೆ ಬರ್ತೀನಿ, ಇದರಲ್ಲಿ ರಾಜಿ ಇಲ್ಲ, ಕಾಲೇಜು ಇದನ್ನ ಸೀರಿಯಸ್ಸಾಗಿ ಕಲಿಸಲ್ಲ ಅಂದ್ರೆ ಸೇರ್ಕೋಬೇಡಿ. ನಮಗೆ ಶುರುವಲ್ಲೇ ಹೇಳಿದ್ದು ಶಿಕಾಗೋದ ಇರೊಕ್ವಾ ಥಿಯೇಟರ್ ಕಥೆ. 1903ರ ಡಿಸೆಂಬರ್ 30, ಮಧ್ಯಾಹ್ನದ ಶೋ, ರಜಾ ದಿನ ಅಂತ ಮಕ್ಕಳೇ ಜಾಸ್ತಿ, ಒಂದು ಆರ್ಕ್ ದೀಪದ ಕಿಡಿ ಪರದೆಗೆ ತಾಗ್ತು, ಬೆಂಕಿ ತಡೆಯೋ ಕರ್ಟನ್ ಇಳಿಸೋಕೆ ಹೋದ್ರೆ ಅರ್ಧಕ್ಕೇ ಸಿಕ್ಕಿಹಾಕ್ಕೊಂಡ್ತು, ಹೊರಗೆ ಹೋಗೋ ಎಷ್ಟೋ ಬಾಗಿಲಿಗೆ ಬೀಗ. 600ಕ್ಕೂ ಹೆಚ್ಚು ಜನ ಸತ್ರು. ಇವತ್ತು ಥಿಯೇಟರ್ ಬಾಗಿಲುಗಳು ಹೊರಕ್ಕೆ ತೆರೆಯೋದು, ತಳ್ಳಿದ್ರೆ ಸಾಕು ತೆಗೆಯೋ ಬಾರ್ ಇರೋದು, ಶೋ ಮುಂಚೆ ಎಕ್ಸಿಟ್ ಚೆಕ್ ಮಾಡೋದು ಎಲ್ಲದರ ಹಿಂದೆ ಇಂಥ ಸಾವುಗಳಿವೆ. ಅದು ಕೇಳಿದ ಮೇಲೆ ಎಕ್ಸಿಟ್ ಎದುರಿಗೆ ಪ್ರಾಪ್ಸ್ ಪೆಟ್ಟಿಗೆ ಇಡೋಕೆ ಯಾರಿಗೂ ಮನಸ್ಸು ಬರ್ಲಿಲ್ಲ.

ಇನ್ನು ಫ್ಲೈ ಸಿಸ್ಟಮ್, ಅಂದ್ರೆ ಮೇಲಿಂದ ಪರದೆ, ಸೆಟ್ಟು ಇಳಿಸೋ ಎತ್ತೋ ವ್ಯವಸ್ಥೆ. ಕೌಂಟರ್‌ವೇಟ್ (ಸೆಟ್ಟಿನ ಭಾರಕ್ಕೆ ಸರಿತೂಗೋ ತೂಕ) ಇರೋ ಕಡೆ ಒಂದು ಕ್ರಮ ಇದೆ, ಬಾರನ್ನ ಕೆಳಗೆ ತಂದು ಮೊದಲು ಅದಕ್ಕೆ ಸೆಟ್ ಕಟ್ಟಬೇಕು ಆಮೇಲೆ ಮೇಲೆ ತೂಕ ಹಾಕ್ಬೇಕು, ಬಿಚ್ಚುವಾಗ ಉಲ್ಟಾ, ಮೊದಲು ತೂಕ ತೆಗೀಬೇಕು ಆಮೇಲೇ ಸೆಟ್. ಇದು ತಲೆಕೆಳಗಾದ್ರೆ ತೂಕ ಒಂದೇ ಕಡೆ ಉಳಿದು ಬಾರ್ ರಪ್ಪಂತ ಮೇಲಕ್ಕೆ ಹಾರತ್ತೆ, ಹಗ್ಗ ಹಿಡಿದೋರ ಕೈ ಹೋಗತ್ತೆ, ಮೇಲಿಂದ ಇಟ್ಟಿಗೆ ಥರದ ಕಬ್ಬಿಣ ಬೀಳತ್ತೆ. ನಮ್ಮಲ್ಲಿ ಇದನ್ನ ಬಾಯಿಪಾಠ ಒಪ್ಪಿಸದೇ ಹಗ್ಗ ಮುಟ್ಟೋಕೆ ಬಿಡ್ತಿರಲಿಲ್ಲ, ಸರಿಯಾಗೇ ಇತ್ತು.

ಆಕ್ಟಿಂಗ್ ಕ್ಲಾಸುಗಳೂ ಚೆನ್ನಾಗಿದ್ವು. ಸ್ತಾನಿಸ್ಲಾವ್‌ಸ್ಕಿ ಇಂದ ಶುರು, 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬ, ಪಾತ್ರದ ಪರಿಸ್ಥಿತಿ ಏನು, ಈ ಕ್ಷಣಕ್ಕೆ ಅವನಿಗೆ ಏನು ಬೇಕು, ಅದಕ್ಕೆ ಏನು ಮಾಡ್ತಾನೆ ಅಂತ ಕೇಳ್ಕೋತಾ ಹೋಗೋ ದಾರಿ. ಅದೇ ಕಂಪನಿಯಲ್ಲಿ ನಟನಾಗಿದ್ದ ಮೇಯರ್‌ಹೋಲ್ಡ್ ಆಮೇಲೆ ಹೊರಗೆ ಹೋಗಿ ದೇಹದ ಚಲನೆಯಿಂದಲೇ ಶುರು ಮಾಡೋ ಬಯೋಮೆಕಾನಿಕ್ಸ್ ಕಟ್ಟಿದ್ದು. ಎರಡನ್ನೂ ಮಾಡಿಸ್ತಾರೆ, ಯಾರಿಗೆ ಯಾವುದು ಒಗ್ಗತ್ತೆ ಅನ್ನೋದು ಅವರವರಿಗೆ. ನಂಗೆ ತುಂಬ ಉಪಯೋಗ ಆಗಿದ್ದು ನ್ಯೂಟ್ರಲ್ ಮಾಸ್ಕ್, ಪ್ಯಾರಿಸ್ಸಲ್ಲಿ 1956ರಲ್ಲಿ ಶಾಲೆ ಶುರು ಮಾಡಿದ ಜಾಕ್ ಲೆಕಾಕ್ ಪದ್ಧತಿಯದು. ಯಾವ ಭಾವಾನೂ ಇಲ್ಲದ ಮುಖವಾಡ, ಹಾಕ್ಕೊಂಡ ಮೇಲೆ ಮಾತಾಡೋ ಹಾಗಿಲ್ಲ, ಮುಖವಾಡ ಮುಟ್ಟೋ ಹಾಗಿಲ್ಲ, ಸುಮ್ನೆ ಎದ್ದು ನಿಂತು ದೂರದ ಸಮುದ್ರ ನೋಡ್ಬೇಕು ಅಷ್ಟೇ. ಮುಖ ಇಲ್ದೇ ಹೋದ್ರೆ ಭುಜ ಎಷ್ಟು ಮಾತಾಡತ್ತೆ ಅಂತ ಆಗ ಕಾಣತ್ತೆ, ಒಬ್ಬೊಬ್ಬರು ಹೊತ್ಕೊಂಡು ತಿರುಗ್ತಿರೋ ಗತ್ತು, ಅಂಜಿಕೆ ಎಲ್ಲ ಬೆನ್ನಲ್ಲೇ ಕೂತಿರತ್ತೆ.

ಇಷ್ಟೆಲ್ಲ ಇದ್ರೂ ಆಕ್ಟಿಂಗ್ ಬೇರೆ ಡಿಸೈನ್ ಬೇರೆ ಅಂತ ವಾದ ಮಾಡೋರು ನಮ್ಮ ಬ್ಯಾಚಲ್ಲೂ ಇದ್ರು. ಆದ್ರೆ ನಾಟ್ಯಶಾಸ್ತ್ರದ ಭರತನೇ ಆಂಗಿಕ, ವಾಚಿಕ, ಸಾತ್ವಿಕದ ಜೊತೆ ಆಹಾರ್ಯಾನೂ ಸೇರಿಸಿ ನಾಲ್ಕನ್ನೂ ಅಭಿನಯ ಅಂತಲೇ ಎಣಿಸಿದಾನೆ, ಅಂದ್ರೆ ವೇಷ, ಬಣ್ಣ, ಆಭರಣ, ಪರಿಕರ ಇವೂ ಅಭಿನಯವೇ. ಇದು ಕಾಸ್ಟ್ಯೂಮ್ ಕ್ಲಾಸಲ್ಲಿ ನೇರವಾಗಿ ಅನುಭವಕ್ಕೆ ಬಂತು, ಅಲ್ಲಿ ಹೊಸ ಕೋಟನ್ನ ಹಳೇದು ಮಾಡೋದು ಕಲಿಸ್ತಾರೆ. ತುರಿಯೋ ಮಣೆ, ಮರಳು ಕಾಗದ ತಗೊಂಡು ಮೊಣಕೈ ಹತ್ರ, ಕಾಲರ್ ಹತ್ರ, ಜೇಬಿನ ಅಂಚಲ್ಲಿ ಸವೆಸಬೇಕು, ಜೇಬಲ್ಲಿ ಕಲ್ಲು ತುಂಬಿ ಒದ್ದೆ ಮಾಡಿ ನೇತುಹಾಕಿ ಜೋಲು ಬೀಳಿಸಬೇಕು. ಎಲ್ಲಿ ಸವೆಸ್ಬೇಕು ಅಂತ ನಿರ್ಧಾರ ಮಾಡೋಕೆ ಈ ಮನುಷ್ಯ ಹೇಗೆ ಕೂರ್ತಾನೆ, ಯಾವ ಕೈ ಜೇಬಲ್ಲಿ ಇಟ್ಕೋತಾನೆ, ಎಷ್ಟು ವರ್ಷದಿಂದ ಇದೇ ಕೋಟು ಅಂತ ಗೊತ್ತಿರ್ಬೇಕು, ಇದೇ ಪ್ರಶ್ನೆಗಳನ್ನ ತಾನೇ ಆಕ್ಟಿಂಗ್ ಕ್ಲಾಸಲ್ಲೂ ಕೇಳೋದು. ಆ ಕೋಟು ಹಾಕ್ಕೊಂಡ ಹುಡುಗ ರಿಹರ್ಸಲ್ಲಿಗೆ ಬಂದಾಗ ಅವನ ನಡಿಗೇನೇ ಬೇರೆ ಆಗಿತ್ತು, ಯಾರೂ ಏನೂ ಹೇಳಿಕೊಡ್ಲಿಲ್ಲ.

ಸ್ಟೇಜ್ ಮ್ಯಾನೇಜ್‌ಮೆಂಟ್ ಅಂದ್ರೆ ಹಾಜರಿ ತಗೊಳೋದು, ಎಲ್ಲರಿಗೂ ಫೋನ್ ಮಾಡೋದು ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಅದೂ ಇದೆ, ಆದ್ರೆ ಶೋ ಶುರುವಾದ ಮೇಲೆ ನಾಟಕ ಇರೋದು ಸ್ಟೇಜ್ ಮ್ಯಾನೇಜರ್ ಕೈಯಲ್ಲಿ, ಡೈರೆಕ್ಟರ್ ಆಗ ಬರೀ ಪ್ರೇಕ್ಷಕ. ಪ್ರಾಂಪ್ಟ್ ಬುಕ್ಕಲ್ಲಿ ಒಂದು ಕಡೆ ಸ್ಕ್ರಿಪ್ಟ್, ಇನ್ನೊಂದು ಕಡೆ ಯಾರು ಎಲ್ಲಿಂದ ಎಲ್ಲಿಗೆ ನಡೀತಾರೆ, ಅಂಚಲ್ಲಿ ಲೈಟು ಸೌಂಡು ಕ್ಯೂಗಳು. ಹೆಡ್‌ಸೆಟ್ಟಲ್ಲಿ ಮೊದಲು "ಲೈಟ್ ಕ್ಯೂ 12, ಸ್ಟ್ಯಾಂಡ್‌ಬೈ" ಅನ್ಬೇಕು, ಆ ಕಡೆಯಿಂದ ಉತ್ತರ ಬರ್ಬೇಕು, ಆಮೇಲೆ ಸರಿಯಾದ ಕ್ಷಣಕ್ಕೆ "ಲೈಟ್ ಕ್ಯೂ 12... ಗೋ". ಗೋ ಅನ್ನೋದು ಯಾವಾಗ್ಲೂ ಕೊನೇಲೇ ಬರ್ಬೇಕು, ಯಾಕಂದ್ರೆ ಆಪರೇಟರ್ ಬೆರಳು ಒತ್ತೋದು ಆ ಒಂದು ಸದ್ದಿಗೆ, ಅದಕ್ಕೇ ಬೇರೆ ಮಾತಿನ ಮಧ್ಯೆ ಆ ಪದಾನ ಹೆಡ್‌ಸೆಟ್ಟಲ್ಲಿ ಆಡೋ ಹಾಗೇ ಇಲ್ಲ. ಒಬ್ಬ ನಟಿ ಮಾತಿಗೆ ಮುಂಚೆ ಉಸಿರು ಎಳ್ಕೋತಾಳಲ್ಲ, ಆ ಉಸಿರಿಗೆ ಕ್ಯೂ ಕೊಟ್ರೆ ಬೆಳಕು ಅವಳ ಮಾತಿನ ಜೊತೇನೇ ಬರತ್ತೆ, ಮಾತಿಗೆ ಕೊಟ್ರೆ ಲೇಟು. ಪ್ರತಿ ಶೋ ಆ ಉಸಿರು ಕೇಳ್ಕೊಂಡು ಕೂತಿದ್ದರಿಂದ ನಂಗೆ ಟೈಮಿಂಗ್ ಅಂದ್ರೆ ಏನು ಅಂತ ಅರ್ಥ ಆಗಿದ್ದು.

ಈಗ ಕಂಪ್ಲೇಂಟ್ಸ್. ಸೌಂಡನ್ನ ಮಲತಾಯಿ ಮಗು ಥರ ನೋಡ್ಕೊಂಡ್ರು, ಇದು ನಂಗೆ ನಿಜವಾಗ್ಲೂ ಬೇಜಾರು. ಲೈಟಿಗೆ ಲ್ಯಾಬ್ ಇತ್ತು, ಸೆಟ್ಟಿಗೆ ವರ್ಕ್‌ಶಾಪ್ ಇತ್ತು, ಸೌಂಡಿಗೆ ಮಾತ್ರ ಒಂದು ಮೂಲೆ, ಒಂದು ಹಳೇ ಮಿಕ್ಸರ್. ಕ್ಯೂಲ್ಯಾಬ್ ಅನ್ನೋ ಸಾಫ್ಟ್‌ವೇರಲ್ಲೇ ಎಷ್ಟೋ ಥಿಯೇಟರ್‌ಗಳು ಸೌಂಡ್ ಕ್ಯೂ ಓಡಿಸೋದು, ಅದು ಮ್ಯಾಕಲ್ಲಿ ಮಾತ್ರ ಕೆಲಸ ಮಾಡತ್ತೆ, ಇದ್ದ ಒಂದೇ ಮ್ಯಾಕಿಗೆ ಇಡೀ ಡಿಪಾರ್ಟ್‌ಮೆಂಟ್ ಕ್ಯೂ ನಿಲ್ತಿತ್ತು. ಸ್ಪೀಕರ್ ಎಲ್ಲಿಟ್ರೆ ಶಬ್ದ ಎಲ್ಲಿಂದ ಬಂದ ಹಾಗೆ ಕೇಳ್ಸತ್ತೆ, ಮೌನಾನ ಹೇಗೆ ಡಿಸೈನ್ ಮಾಡೋದು ಅಂತ ಕಲಿಯೋಕೆ ತುಂಬ ಇತ್ತು, ಸಿಗ್ಲಿಲ್ಲ.

ಗ್ರೂಪ್ ಮಾರ್ಕ್ಸ್ ಇನ್ನೊಂದು ತಲೆನೋವು, ಇಡೀ ಪ್ರೊಡಕ್ಷನ್ನಿಗೆ ಒಂದೇ ಅಂಕ ಕೊಟ್ರೆ ರಾತ್ರಿ ಕೂತು ಪೇಂಟ್ ಮಾಡಿದೋರಿಗೂ ಶೋ ದಿನ ಮಾತ್ರ ಬಂದೋರಿಗೂ ಒಂದೇ ಫಲ. ಆಮೇಲೆ ಲಾಗ್‌ಬುಕ್ ಮತ್ತು ವೈವಾ ಸೇರಿಸಿದ್ರು, ಸ್ವಲ್ಪ ಸರಿಹೋಯ್ತು. ಟೈಮ್ ಬಗ್ಗೆ ಹೇಳ್ಬೇಕಂದ್ರೆ ಟೆಕ್ ವಾರದಲ್ಲಿ, ಅಂದ್ರೆ ಶೋಗೆ ಮುಂಚೆ ಲೈಟು ಸೌಂಡು ಎಲ್ಲ ಸೇರಿಸಿ ರಿಹರ್ಸಲ್ ಮಾಡೋ ವಾರದಲ್ಲಿ, ಬೇರೆ ಜೀವನ ಇರಲ್ಲ, ಒಂದೊಂದು ಕ್ಯೂಗೂ ನಿಲ್ಸಿ ಹಿಂದೆ ಹೋಗಿ ಮತ್ತೆ ಮಾಡೋದು, ಪಾರ್ಟ್ ಟೈಮ್ ಕೆಲಸ ಮಾಡ್ಕೊಂಡು ಓದೋರಿಗೆ ಇದು ತುಂಬ ಕಷ್ಟ, ಈ ಬಗ್ಗೆ ಕಾಲೇಜು ಮುಂಚೇನೇ ಶೆಡ್ಯೂಲ್ ಕೊಡ್ಬೇಕು.

ಕೆಲಸ ಸಿಗತ್ತಾ ಅಂತ ಎಲ್ಲರ ಮನೇಲೂ ಕೇಳ್ತಾರೆ. ಬರೀ ನಟನೆಯಿಂದ ಹೊಟ್ಟೆ ತುಂಬೋದು ಎಲ್ಲ ಕಡೆನೂ ಕಷ್ಟವೇ. ಆದ್ರೆ ಲೈಟ್ ಪ್ರೋಗ್ರಾಮಿಂಗ್ ಬರೋರು, ಕ್ಯೂ ಕರೆಯೋಕೆ ಬರೋರು, ಡ್ರಾಯಿಂಗ್ ನೋಡಿ ಕಟ್ಟೋಕೆ ಬರೋರು ಈವೆಂಟು, ಎಕ್ಸಿಬಿಷನ್, ಮ್ಯೂಸಿಯಂ, ಸಿನಿಮಾ ಆರ್ಟ್ ಡಿಪಾರ್ಟ್‌ಮೆಂಟ್, ಶಾಲೆ ಹೀಗೆ ಎಲ್ಲಾದ್ರೂ ನೆಲೆ ಕಂಡ್ಕೋತಾರೆ, ನಮ್ಮ ಬ್ಯಾಚಲ್ಲೂ ಹಾಗೇ ಆಗಿದೆ, ನಾಟಕಾನೂ ಬಿಟ್ಟಿಲ್ಲ.

ಸೇರೋ ಮುಂಚೆ ಕಾಲೇಜ್ ನೋಡೋಕೆ ಹೋದಾಗ ಆಡಿಟೋರಿಯಂ ಎಷ್ಟು ದೊಡ್ಡದು ಅಂತ ನೋಡ್ಬೇಡಿ, ವರ್ಕ್‌ಶಾಪ್ ನೆಲ ನೋಡಿ, ಬಣ್ಣ ಚೆಲ್ಲಿ ಮರದ ಪುಡಿ ಬಿದ್ದಿದ್ರೆ ಅಲ್ಲಿ ಕೆಲಸ ನಡೀತಿದೆ ಅಂತ ಅರ್ಥ. ಶೋಗಳಲ್ಲಿ ಬೋರ್ಡ್ ಆಪರೇಟ್ ಮಾಡೋದು ವಿದ್ಯಾರ್ಥಿಗಳಾ ಹೊರಗಿಂದ ಕರೆಸೋ ಟೆಕ್ನಿಷಿಯನ್ನಾ ಕೇಳಿ. ಡಿಸೈನ್ ತಗೊಂಡೋರ ಡಿಸೈನ್ ನಿಜವಾಗ್ಲೂ ಸ್ಟೇಜ್ ಮೇಲೆ ಬರತ್ತಾ ಇಲ್ಲ ಮಾಡೆಲ್ಲಿಗೇ ಮುಗಿಯತ್ತಾ ಅಂತಾನೂ ಕೇಳಿ, ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆ ಕಡೆ ನೋಡಿ. ಮೇಷ್ಟ್ರುಗಳಿಗಿಂತ ಎರಡನೇ ವರ್ಷದ ಹುಡುಗ ಹುಡುಗೀರ ಹತ್ರ ಮಾತಾಡಿದ್ರೆ ಎಲ್ಲ ಗೊತ್ತಾಗತ್ತೆ.

ಇಂಟರ್‌ವ್ಯೂಗೆ ಡಿಸೈನ್ ಪೋರ್ಟ್‌ಫೋಲಿಯೋ ತಗೊಂಡು ಹೋಗೋರು ಫೈನಲ್ ಚಿತ್ರಗಳ ಜೊತೆ ಹೊಡೆದುಹಾಕಿದ ಸ್ಕೆಚ್, ಅಳತೆ ಬರೆದ ಚೀಟಿ, ಬಟ್ಟೆ ತುಂಡು ಎಲ್ಲ ಒಯ್ಯಿರಿ, ಹೇಗೆ ಯೋಚನೆ ಮಾಡ್ತೀರಾ ಅನ್ನೋದು ಅಲ್ಲೇ ಕಾಣೋದು. ಆಡಿಷನ್ನಿಗೆ ಹೋಗೋರು ಇಡೀ ನಾಟಕ ಓದಿರಿ, ನಿಮ್ಮ ಭಾಗ ಮಾತ್ರ ಅಲ್ಲ, ಈ ಮಾತಿಗೆ ಮುಂಚೆ ಏನಾಗಿತ್ತು ಅಂತ ಕೇಳೇ ಕೇಳ್ತಾರೆ. ಸೀಟ್ ಸಿಕ್ಕಿದ್ರೆ ಮೊದಲ ದಿನಕ್ಕೇ ಬೆರಳು ಪೂರ್ತಿ ಮುಚ್ಚೋ ಗಟ್ಟಿ ಶೂ, ಎರಡು ಜೊತೆ ಕಪ್ಪು ಬಟ್ಟೆ, ಒಂದು ಅಳತೆ ಟೇಪು, ಪೆನ್ಸಿಲ್ಲು ಇಟ್ಕೊಂಡಿರಿ. ಪ್ರಾಂಪ್ಟ್ ಬುಕ್ಕಲ್ಲಿ ಪೆನ್ನಲ್ಲಿ ಬರೆಯೋ ಹಾಗಿಲ್ಲ, ರಿಹರ್ಸಲ್ ಮುಗಿಯೋವರೆಗೂ ಎಲ್ಲಾ ಬದಲಾಗ್ತಾನೇ ಇರತ್ತೆ.